ಯಂತ್ರದ ಹಣೆ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅರ್ಧ ಸಿಟ್ಟು ನನ್ನ ಗೈಡ್ ಮೇಲೆ, ಇನ್ನರ್ಧ ನನ್ನ ಮೇಲೆ. ಯಾವ ಅರ್ಧ ದೊಡ್ಡದು ಎಂದು ಕೇಳಿದರೆ ದಿನಕ್ಕೊಂದು ಉತ್ತರ ಕೊಡುತ್ತೇನೆ. ಹದಿನೈದು ವರ್ಷ ಒಂದೇ ಪ್ರಯೋಗಾಲಯವನ್ನು ತಮ್ಮ ಮನೆಯ ಹಾಗೆ ನೋಡಿಕೊಂಡ ಹಿರಿಯರೊಬ್ಬರು ನನ್ನ ಸಹಿ ಇದ್ದ ಒಂದೇ ಒಂದು ಹಾಳೆಯಿಂದ ಕೆಲಸ ಕಳೆದುಕೊಂಡರು. ಆ ಹಾಳೆಯನ್ನು ನಾನು ಎರಡು ಸಲ ತಿದ್ದಿ, ಅಕ್ಷರ ದುಂಡಗೆ ಬರಲಿ ಎಂದು ಮೂರನೇ ಸಲ ಹೊಸದಾಗಿ ಬರೆದಿದ್ದೆ. ಅದು ನೆನಪಾದಾಗಲೆಲ್ಲ ಕೈ ಕಡಿದುಕೊಳ್ಳುವ ಹಾಗಾಗುತ್ತದೆ.

ವಿಜಯಪುರದ ಒಂದು ಭೌತಶಾಸ್ತ್ರ ವಿಭಾಗದಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೆ. ನನ್ನ ಕೆಲಸ, ಗಾಜಿನ ಚಿಕ್ಕ ಚೂರುಗಳ ಮೇಲೆ ಪೆರೋವ್‌ಸ್ಕೈಟ್ ಎಂಬ ಹರಳಿನ ತೆಳ್ಳನೆಯ ಪದರ ಬೆಳೆಸುವುದು. ಸೀಸ, ಅಯೋಡಿನ್, ಜೊತೆಗೊಂದು ಹಗುರವಾದ ಉಪ್ಪು ಸೇರಿ ಆಗುವ ವಸ್ತು ಅದು. ಬಿಸಿಲನ್ನು ಕರೆಂಟ್ ಮಾಡುವುದರಲ್ಲಿ ಭಾರಿ ಚುರುಕು. ಪುಡಿಗಳನ್ನು ಅರೆದು, ಪ್ರೆಸ್ಸಿನಲ್ಲಿ ಒತ್ತಿ ನಾಣ್ಯದಷ್ಟು ಅಗಲದ ಬಿಲ್ಲೆ ಮಾಡಬೇಕು. ಆ ಬಿಲ್ಲೆಯನ್ನು ಗಾಳಿ ತೆಗೆದ ಉಕ್ಕಿನ ಚೇಂಬರಿನೊಳಗಿಟ್ಟು ಹೊರಗಿನಿಂದ ಲೇಸರಿನ ಏಟು ಕೊಡಬೇಕು. ಈ ಲೇಸರ್ ಒಂದೇ ಸಮನೆ ಉರಿಯುವುದಿಲ್ಲ. ಟಪ್ ಟಪ್ ಎಂದು ಬಿಡಿ ಬಿಡಿಯಾಗಿ ಹೊಡೆಯುತ್ತದೆ. ಒಂದೊಂದು ಏಟಿಗೂ ಬಿಲ್ಲೆಯಿಂದ ಬೆಂಕಿಯ ಕುಡಿಯೊಂದು ಚಿಮ್ಮಿ ಎದುರಿನ ಗಾಜಿಗೆ ಹೋಗಿ ಕೂಡುತ್ತದೆ. ಹಗುರ ಉಪ್ಪು ದಾರಿಯಲ್ಲೇ ಹಾರಿಹೋಗುವ ಜಾತಿಯದು, ಹಾಗಾಗಿ ಬಿಲ್ಲೆಯಲ್ಲಿ ಅದನ್ನು ಮೊದಲೇ ಬೇಕಾದದ್ದಕ್ಕಿಂತ ಹೆಚ್ಚು ಹಾಕಿರುತ್ತೇವೆ. ಎಲ್ಲ ಹದವಾಗಿ ಕೂಡಿದರೆ ಪದರ ಕಪ್ಪು. ಏಟಿನ ಜೋರು ತಪ್ಪಿದರೆ, ಅಳತೆ ಕೆಟ್ಟರೆ, ಇಲ್ಲವೇ ತೇವ ತಗುಲಿದರೆ ಹಳದಿ. ಕಪ್ಪು ಬಂದರೆ ಗೆದ್ದೆ, ಹಳದಿ ಬಂದರೆ ಸತ್ತೆ.

ತಿಕೋಟಾದ ನಮ್ಮ ಮನೆಯಲ್ಲಿ ಲೆಕ್ಕ ಪೂರಾ ಉಲ್ಟಾ. ಅಪ್ಪ ದ್ರಾಕ್ಷಿ ಬೆಳೆದು, ಶೆಡ್ಡಿನಲ್ಲಿ ಬಲೆಯ ಮೇಲೆ ಹರವಿ, ಗಂಧಕದ ಹೊಗೆ ಕೊಟ್ಟು ಒಣದ್ರಾಕ್ಷಿ, ನಮ್ಮ ಕಡೆಯ ಮಾತಿನಲ್ಲಿ ಮನೂಕಾ, ಮಾಡುತ್ತಾನೆ. ಅಲ್ಲಿ ಹಳದಿ ಬಂದರೆ ಹಬ್ಬ, ಕಪ್ಪು ಬಂದರೆ ವ್ಯಾಪಾರಿ ಮೂಗು ಮುರಿಯುತ್ತಾನೆ. ಅವ್ವ ನನ್ನನ್ನು ಕಾಡಿಸುತ್ತಿದ್ದಳು: ‘ಅಲ್ಲಬೇ, ಹಳದಿ ಬರಲಿ ಅಂತ ನಿಮ್ಮಪ್ಪ ಇಲ್ಲಿ ದೇವ್ರಿಗೆ ಕೈ ಮುಗೀತಾನ, ಕರೇದು ಬರಲಿ ಅಂತ ನೀ ಅಲ್ಲಿ ಮುಗೀತಿ. ದೇವ್ರು ಪಾಪ ಯಾರ ಮಾತ ಕೇಳಬೇಕ?’

ಖಂಡೇನವಮಿಯ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಅವ್ವನದೇ ಕಾರುಬಾರು. ಟ್ರ್ಯಾಕ್ಟರು, ಔಷಧ ಹೊಡೆಯುವ ಬ್ಲೋವರು, ಬಾವಿಯ ಮೋಟಾರು, ಹಿಟ್ಟಿನ ಗಿರಣಿ, ಎಲ್ಲದಕ್ಕೂ ಒಂದು ಹಣೆ ಇರಲೇಬೇಕು ಅವಳಿಗೆ. ‘ಇದರ ಹಣಿ ಎಲ್ಲೈತಿ?’ ಎಂದು ಸುತ್ತು ಹಾಕಿ, ಜಾಗ ಗೊತ್ತು ಮಾಡಿಕೊಂಡು, ಮೂರು ಬೆರಳಿನಿಂದ ವಿಭೂತಿ ಎಳೆದು ನಡುವೆ ಕುಂಕುಮ ಇಡುತ್ತಿದ್ದಳು. ಹಣೆ ಸಿಗದ ಯಂತ್ರಕ್ಕೆ ಪೂಜೆಯೇ ಇಲ್ಲ. ಅವಳ ಹಿಂದೆ ತಟ್ಟೆ ಹಿಡಿದು ಸುತ್ತಿ ಸುತ್ತಿ ನನಗೂ ಆ ಕಣ್ಣು ಬಂದುಬಿಟ್ಟಿತ್ತು.

ಇನ್ನು ಕಾಕಾ. ಬಬಲೇಶ್ವರದವರು, ನಮ್ಮ ಪ್ರಯೋಗಾಲಯದ ಅಟೆಂಡರ್. ವಿಭಾಗದ ಹುಡುಗ ಹುಡುಗಿಯರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ನಾನು ಬಂದ ಮೊದಲ ದಿನದಿಂದಲೂ ಅವರು ನನ್ನನ್ನು ತಂಗಿ ಎಂದೇ ಕರೆದರು. ಹದಿನೈದು ವರ್ಷದ ನೌಕರಿ, ಆದರೆ ಪ್ರತಿವರ್ಷ ಮಾರ್ಚಿನಲ್ಲಿ ಹೊಸದಾಗಿ ಸಹಿ ಬೀಳಬೇಕು; ಸಹಿ ಬೀಳದಿದ್ದರೆ ಏಪ್ರಿಲಿನಿಂದ ಮನೆ. ‘ಈ ಸಲ ಯಾರನ್ನ ಇಟ್ಕೋಬೇಕು, ಯಾರನ್ನ ಬಿಡಬೇಕು ಅಂತ ಪಟ್ಟಿ ಮಾಡಾಕತ್ತಾರಂತ ತಂಗಿ’ ಎಂದು ಅವರು ನನಗೆ ಎರಡು ಮೂರು ಸಲ ಹೇಳಿದ್ದರು. ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ. ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಮಡಚಿದ ಹಳದಿ ಅರಿವೆಯೊಂದು ಇರುತ್ತಿತ್ತು. ಮಾತಾಡುತ್ತಲೇ ಏನನ್ನಾದರೂ ಒರೆಸುತ್ತಿದ್ದರು, ಕುರ್ಚಿಯ ಕೈ, ಬಾಗಿಲ ಚಿಲಕ, ನನ್ನ ನೀರಿನ ಬಾಟಲಿ.

ಆ ವರ್ಷ ದಸರೆಗೆ ಮುಂಚೆ ಪುಣೆಯಿಂದ ಮೆಕ್ಯಾನಿಕ್ ಬಂದು ಲೇಸರಿನ ಗ್ಯಾಸು ಬದಲಿಸಿ ಹೋಗಿದ್ದ. ಲೇಸರಿನ ಬಾಯಿಂದ ಚೇಂಬರಿನ ಗಾಜಿನ ಕಿಟಕಿಯವರೆಗೆ ಕಿರಣ ಹೋಗುವ ದಾರಿಗೆ ಒಂದು ತಗಡಿನ ಕೊಳವೆ ಇರುತ್ತದೆ, ಯಾರ ಕಣ್ಣಿಗೂ ಕಿರಣ ಬೀಳದಿರಲಿ ಎಂದು. ಅದಕ್ಕೆ ಬೀಗ, ಬೀಗದ ಕೈ ನನ್ನ ಗೈಡ್ ಸರ್ ಹತ್ತಿರ ಮಾತ್ರ. ರಿಪೇರಿಗೆಂದು ಬಿಚ್ಚಿದ ಕೊಳವೆ ಇನ್ನೂ ಗೋಡೆಗೆ ಒರಗಿತ್ತು. ಹಬ್ಬದ ರಜೆ ಮುಗಿದ ಮೇಲೆ ತಾವೇ ಹಾಕುವುದಾಗಿ ಸರ್ ಹೇಳಿದ್ದರು.

ರಜೆಗೆ ಹಿಂದಿನ ದಿನ ಪ್ರಯೋಗಾಲಯದ ಪೂಜೆ. ಸರ್ ಪ್ಯಾಂಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು, ‘ಹೆಣ್ಣುಮಗಳು ಇದ್ದೀ, ನೀನ ಮಾಡು’ ಎಂದರು. ನಾನು ಮಾಡಿದೆ, ನನ್ನ ಷರತ್ತಿನ ಮೇಲೆ. ‘ಒಂದು ಹನಿ ನೀರು ಒಳಗ ಬಿತ್ತಂದ್ರ ನೋಡ್ರಿ ಮತ್ತ!’ ಎಂದು ಎಲ್ಲರಿಗೂ ತಾಕೀತು ಮಾಡಿದೆ. ತೆಂಗಿನಕಾಯಿಯನ್ನು ಹೊರಗೆ ವರಾಂಡದಲ್ಲಿ ಒಡೆಸಿದೆ. ಹೂವಿಗೆ ನೀರು ಚಿಮುಕಿಸಿದ್ದಾರೆಂದು ಕೊಡವಿ ಒಣಗಿಸಿ ತಂದೆ. ನೀರು ಎಂದರೆ ನನ್ನ ಪದರಗಳಿಗೆ ವಿಷ. ವಿಜಯಪುರದ ಒಣ ಹವೆಯೊಂದೇ ನನಗೆ ಪುಣ್ಯಕ್ಕೆ ಸಿಕ್ಕಿದ್ದು ಎಂದುಕೊಂಡವಳು ನಾನು. ಆಮೇಲೆ ತಟ್ಟೆ ಹಿಡಿದು ಯಂತ್ರಕ್ಕೆ ಒಂದು ಸುತ್ತು ಹಾಕಿ ಕೇಳಿದೆ.

‘ಇದರ ಹಣಿ ಎಲ್ಲೈತ್ರಿ ಕಾಕಾ?’

‘ಸಾಲಿ ಕಲತಾಕಿ ನೀನ. ನೀನ ಹುಡುಕವಾ’ ಎಂದು ಕಾಕಾ ನಕ್ಕರು.

ಹುಡುಕಿದೆ. ಚೇಂಬರಿನ ಮುಂದೆ, ನನ್ನ ಎತ್ತರಕ್ಕೆ ಸರಿಯಾಗಿ, ಅಂಗೈಯಷ್ಟು ಅಗಲದ ಆ ಕಿಟಕಿಯ ದುಂಡು ಗಾಜು. ಹಣೆ ಅಂದರೆ ಅದೇ. ವಿಭೂತಿಯನ್ನು ನೀರಿನಲ್ಲಿ ನೆನೆಸುವ ಹಾಗಿಲ್ಲವಲ್ಲ, ಜಾಣೆ ನಾನು, ದೀಪದ ಎಣ್ಣೆಯಲ್ಲಿ ಬೆರಳದ್ದಿಕೊಂಡು ಮೂರು ಗೆರೆ ಎಳೆದೆ. ಅದೇ ಎಣ್ಣೆ ಬೆರಳಿನಿಂದ ನಡುವೆ ಕುಂಕುಮ ಇಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಪೇಢೆ ತಿಂದರು, ಹೋದರು. ಒಂದು ಹನಿ ನೀರು ಬೀಳದ ಹಾಗೆ ಪೂಜೆ ಮುಗಿಸಿದೆನೆಂದು ಬಸ್ಸಿನಲ್ಲಿ ತಿಕೋಟಾದವರೆಗೂ ಬೀಗುತ್ತಾ ಹೋದೆ.

ರಜೆ ಮುಗಿದು ಬಾಗಿಲು ತೆಗೆದ ಬೆಳಿಗ್ಗೆ ಕಾಕಾ ಬನ್ನಿ ಎಲೆ ತಂದು ಕೈಗೆ ಕೊಟ್ಟರು. ‘ಬಂಗಾರ ತಗೋ ತಂಗಿ, ಬಂಗಾರದಂಗ ಇರು.’ ನಾನು ಬಗ್ಗಿ ನಮಸ್ಕಾರ ಮಾಡಿದೆ. ಅವರು ಬಾಡಿದ ಹೂವನ್ನೆಲ್ಲ ಎತ್ತಿ ಬುಟ್ಟಿಗೆ ಹಾಕಿ, ಜೇಬಿನಿಂದ ಹಳದಿ ಅರಿವೆ ತೆಗೆದು ಯಂತ್ರದ ಕಡೆ ಕೈ ಚಾಚಿದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಏರಲು ಹೊತ್ತು ಬೇಕಿಲ್ಲ.

‘ಏ ಕಾಕಾ! ಮುಟ್ಟಬ್ಯಾಡ್ರಿ!’

‘ಒಣ ಅರಿವಿ ಐತಿ ತಂಗಿ. ಹಚ್ಚಿದ್ದು ತೆಗೀಬೇಕಲ್ಲ?’

‘ಒಣದೂ ಬ್ಯಾಡ, ಹಸೀದೂ ಬ್ಯಾಡ. ಮುಟ್ಟಬ್ಯಾಡ್ರಿ ಅಂದ್ರ ಮುಟ್ಟಬ್ಯಾಡ್ರಿ!’

ಅವರ ಕೈ ಹಿಡಿದು ಹಿಂದಕ್ಕೆ ತಳ್ಳಿದೆ. ಮಧ್ಯಾಹ್ನ ಸರಿಯಾದ ದ್ರಾವಣ ತಂದು ನಾನೇ ಒರೆಸಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಪಂಪಿನದೇನೋ ತಂಟೆ ಶುರುವಾಯಿತು, ಅದರ ಹಿಂದೆ ಬಿದ್ದೆ. ಊಟ ಮಾಡಿ ಬರುವಷ್ಟರಲ್ಲಿ ಸರ್ ಕೊಳವೆ ಕೂಡಿಸಿ ಬೀಗ ಹಾಕಿದ್ದರು. ವಿಭೂತಿಯ ಮಾತು ನನ್ನ ತಲೆಯಿಂದಲೇ ಹಾರಿಹೋಯಿತು.

ಆಮೇಲಿನ ಐದು ತಿಂಗಳು ಹಳದಿ. ಒಂದು ಪದರ ಹಳದಿ, ಇನ್ನೊಂದು ತೇಪೆ ತೇಪೆ, ಮತ್ತೊಂದು ಇದ್ದೂ ಇಲ್ಲದಂತೆ ಬರೀ ಮಸುಕು. ಉಪ್ಪು ಹೆಚ್ಚು ಮಾಡಿ ನೋಡಿದೆ, ಕಡಿಮೆ ಮಾಡಿ ನೋಡಿದೆ. ಅರೆದು ಅರೆದು ಅಂಗೈಯಲ್ಲಿ ಬೊಬ್ಬೆ ಎದ್ದವು. ಕೊಳವೆಯಲ್ಲಿ ಲೇಸರಿನ ಬಾಯಿಯ ಹತ್ತಿರ ಬಿಟ್ಟಿರುವ ಸಂದಿನಿಂದ ಮೀಟರ್ ಹಿಡಿದರೆ ಜೋರು ಸರಿಯಾಗಿಯೇ ತೋರಿಸುತ್ತಿತ್ತು, ಹಾಗಾಗಿ ಲೇಸರಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕಿಟಕಿಯ ಗಾಜನ್ನು ಒಳಮೈಯಿಂದ ವಾರಕ್ಕೊಮ್ಮೆ ಒರೆಸುವುದು ರೂಢಿ, ಅದನ್ನೂ ತಪ್ಪಿಸಲಿಲ್ಲ. ಆದರೆ ಅಲ್ಲಿಗೆ ಕೈ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. ಸರ್ ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ನನ್ನ ಹಳದಿ ಗಾಜುಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸುತ್ತಿದ್ದರು. ‘ನೋಡ್ರಿ, ಇವ್ರ ಮನ್ಯಾಗ ಮನೂಕಾ ಮಾಡ್ತಾರಂತ. ಇಲ್ಲೂ ಅದನ್ನ ಮಾಡ್ಲಿಕತ್ತಾಳ.’ ಎಲ್ಲರೂ ನಗುತ್ತಿದ್ದರು. ಆ ಸಿಟ್ಟನ್ನು ಯಾರ ಮೇಲಾದರೂ ಸುರಿಯಬೇಕಿತ್ತು ನಾನು, ಸರ್ ಮೇಲೆ ಸುರಿಯುವ ಧೈರ್ಯ ಇರಲಿಲ್ಲ.

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ, ಪ್ರಯೋಗಾಲಯದಲ್ಲೇ ಹಾಕಿದ ಮೀಟಿಂಗಿನ ಕುರ್ಚಿಗಳಲ್ಲಿ ಎಲ್ಲರೂ ಇನ್ನೂ ಕೂತಿದ್ದಾಗಲೇ, ಯಂತ್ರದ ಪಕ್ಕದಲ್ಲಿ ಕಾಕಾ ಬಕೆಟ್ ಹಿಡಿದು ನಿಂತದ್ದು ಕಂಡಿತು. ಬಕೆಟ್ಟಿನಲ್ಲಿ ನೀರು, ನೀರಿನಲ್ಲಿ ಅರಿವೆ. ವರಾಂಡ ಒರೆಸುತ್ತಿದ್ದವರು ನೆಲಕ್ಕೆ ಬಿದ್ದ ನನ್ನ ಕೈಗವಸು ಎತ್ತಿಡಲು ಒಳಗೆ ಬಂದಿದ್ದರಂತೆ. ಅದು ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ನೀರು ಮಾತ್ರ.

‘ಇದ! ಇದಕ್ಕ ನನ್ನ ಐದು ತಿಂಗಳು ಹಾಳಾಗ್ಯಾವ!’ ಎಂದು ಕಿರುಚಿದೆ. ‘ಹಸಿ ಅರಿವಿ ತಗೊಂಡು ಯಂತ್ರದ ಸುತ್ತ ವರಸಾಕತ್ತೀರಿ, ಕೇಳಿದ್ರ ಇಲ್ಲ ಅಂತೀರಿ! ನಿಮಗ ಹೇಳಿದ್ದು ತಿಳಿಯಂಗಿಲ್ಲೇನು? ನನ್ನ ಜೀವನಾ ಹಾಳ ಮಾಡಿದ್ರಿ!’

‘ಇಲ್ಲ ತಂಗಿ, ನಾ ಇಲ್ಲಿ ವರಸಿಲ್ಲ...’

‘ತಂಗಿ ಪಂಗಿ ಅನಬ್ಯಾಡ್ರಿ ನನಗ!’

ಹನ್ನೊಂದು ಜನ ಕೂತಿದ್ದರು. ಕಾಕಾ ಬಕೆಟ್ ಎತ್ತಿಕೊಂಡು, ನೀರು ತುಳುಕದ ಹಾಗೆ ನಿಧಾನವಾಗಿ ನಡೆದು ಹೊರಗೆ ಹೋದರು.

ಸರ್ ನನ್ನನ್ನು ರೂಮಿಗೆ ಕರೆದು, ‘ಬರದ ಕೊಡು’ ಎಂದರು. ಮಾದರಿ ಯಾಕೆ ಬರುತ್ತಿಲ್ಲ ಎಂದು ಮೇಲಿನವರಿಗೆ ಅವರೂ ಉತ್ತರ ಕೊಡಬೇಕಿತ್ತಲ್ಲ, ಬಾಯಿಗೆ ಬಂದ ತುತ್ತಿನ ಹಾಗೆ ನಾನು ಸಿಕ್ಕೆ. ಅಟೆಂಡರ್ ಒದ್ದೆ ಬಟ್ಟೆ ಬಳಸುವುದರಿಂದ ಕೋಣೆಯಲ್ಲಿ ತೇವ ಹೆಚ್ಚಿ ಮಾದರಿಗಳು ಕೆಡುತ್ತಿವೆ, ಹಲವು ಸಲ ತಿಳಿಹೇಳಿದರೂ ಕೇಳಿಲ್ಲ ಎಂದು ಬರೆದೆ. ‘ಹಲವು ಸಲ’ ಎಂಬ ಮಾತು ನನ್ನದೇ; ಯಾರೂ ಹೇಳಿಕೊಟ್ಟದ್ದಲ್ಲ. ಮರುದಿನದಿಂದ ಕಾಕಾ ನನ್ನನ್ನು ಮೇಡಮ್ಮಾರ ಎಂದು ಕರೆಯಲು ಶುರು ಮಾಡಿದರು. ಮಾರ್ಚಿನಲ್ಲಿ ಎಲ್ಲರ ಹೆಸರಿಗೂ ಸಹಿ ಬಿತ್ತು, ಅವರ ಹೆಸರಿಗೆ ಬೀಳಲಿಲ್ಲ. ಕೊನೆಯ ದಿನ ಅವರು ಪ್ರಯೋಗಾಲಯದ ಕೀಲಿಕೈ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು, ‘ಎಣಿಸಿಕೋರಿ ಮೇಡಮ್ಮಾರ’ ಎಂದರು. ನಾನು ತಲೆ ಎತ್ತದೆ ಎಣಿಸಿಕೊಂಡೆ.

ಏಪ್ರಿಲಿನಲ್ಲೂ ಪದರ ಹಳದಿಯೇ ಬಂತು. ಬಕೆಟ್ ಇಲ್ಲ, ಅರಿವೆ ಇಲ್ಲ, ಕಾಕಾ ಇಲ್ಲ, ಹೊರಗೆ ಬಿಸಿಲು ಸುಡುತ್ತಿದೆ, ತೇವದ ಮಾತೇ ಇಲ್ಲ. ಆದರೂ ಹಳದಿ. ಹಾಗಾದರೆ ಆ ಮನುಷ್ಯನನ್ನು ಯಾಕೆ ಕಳಿಸಿದೆವು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನೆಯಲ್ಲಿ ಒಣದ್ರಾಕ್ಷಿಯ ಸುಗ್ಗಿ, ಕಾಳು ಆರಿಸಲು ಕೂತರೂ ನನ್ನ ಕೈ ಓಡುತ್ತಿರಲಿಲ್ಲ. ‘ಯಾಕ ಬೇ, ಮಾರಿ ಸಣ್ಣ ಮಾಡಿ?’ ಎಂದು ಅವ್ವ ಕೇಳಿದರೆ ಅವಳ ಮೇಲೂ ಹರಿಹಾಯ್ದೆ.

ಮೇ ತಿಂಗಳಲ್ಲಿ ಒಂದು ದಿನ ತಲೆ ಕೆಟ್ಟು, ಮೊದಲಿನಿಂದ ಎಲ್ಲವನ್ನೂ ನೋಡೋಣ ಎಂದು ಕೂತೆ. ಕಿರಣ ಎಲ್ಲಿ ಬೀಳುತ್ತದೆ, ಎಷ್ಟು ಬೀಳುತ್ತದೆ ಎಂದು ನೋಡಲು ಒಂದು ಸುಲಭದ ಉಪಾಯ ಇದೆ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಇಟ್ಟು ಒಂದೇ ಒಂದು ಏಟು ಹೊಡೆಯುವುದು. ನಮ್ಮ ಬಸ್ಸಿನ ಕಂಡಕ್ಟರು ಯಂತ್ರದಿಂದ ಹರಿದು ಕೊಡುವ ಟಿಕೆಟ್ಟು ಅದೇ ಕಾಗದದ್ದು. ಪರ್ಸಿನಲ್ಲಿ ತಿಕೋಟಾದಿಂದ ವಿಜಯಪುರದ ಟಿಕೆಟ್ಟುಗಳು ಕಂತೆಯಾಗಿ ಬಿದ್ದಿದ್ದವು. ಒಂದನ್ನು ಅದೇ ಸಂದಿನಿಂದ ಲೇಸರಿನ ಬಾಯಿಗೆ ಹಿಡಿದು ಹೊಡೆದೆ, ಉದ್ದನೆಯ ಚೌಕದ ತುಂಬು ಕಪ್ಪು ಗುರುತು ಬಂತು. ಇನ್ನೊಂದನ್ನು ಚೇಂಬರಿನ ಒಳಗೆ, ಕಿಟಕಿಯ ಗಾಜಿನ ಹಿಂದೆಯೇ ಅಂಟಿಸಿ, ಬಾಗಿಲು ಮುಚ್ಚಿ ಹೊಡೆದೆ.

ತೆಗೆದು ನೋಡಿದರೆ ಅದೇ ಚೌಕ, ಅಂಚಿನಲ್ಲಿ ಮಾತ್ರ ಕಪ್ಪು. ಅಡ್ಡಕ್ಕೆ ಒಂದು ಮಾಸಲು ಪಟ್ಟಿ. ಚೌಕದ ನಟ್ಟ ನಡುವೆ ದುಂಡಗೆ ಬೆಳ್ಳಗೆ ಏನೂ ಬೀಳದೆ ಉಳಿದ ಜಾಗ, ಬೆರಳಿನ ತುದಿಯಷ್ಟು. ಟಿಕೆಟ್ಟನ್ನು ಕಣ್ಣಿನ ಹತ್ತಿರ ಹಿಡಿದು ನಿಂತೆ. ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ನನ್ನದೇ ಹಣೆ ಮುಟ್ಟಿಕೊಂಡೆ. ಹಣೆಯ ಮೇಲೆ ಕುಂಕುಮ ಇಡುವ ಜಾಗ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸರ್ ರೂಮಿಗೆ ಓಡಿ ಕೊಳವೆಯ ಬೀಗದ ಕೈ ಕೇಳಿದೆ. ಅವರೇ ಬಂದು ತೆಗೆದರು. ಗಾಜಿನ ಎರಡೂ ಬದಿಗೆ ನನ್ನ ಮೂರು ಬೆರಳಿನ ಗೆರೆಗಳು ಹಾಗೆಯೇ ಇದ್ದವು. ನಡುವೆ, ಕಿರಣ ಹಾಯುವ ಜಾಗದಲ್ಲಿ, ಎಣ್ಣೆ ಸುಟ್ಟು ಕರಿಕಾಗಿ, ವಿಭೂತಿ ಗಾಜಿಗೆ ಬೆಂದು ಹತ್ತಿತ್ತು. ಕುಂಕುಮದ ಜಾಗದಲ್ಲಿ ಕರಿಯ ಹರಳು ಕಟ್ಟಿ ಗಾಜು ಸಣ್ಣಗೆ ಬಿರಿದಿತ್ತು. ಏಳು ತಿಂಗಳು ಲೇಸರಿನ ಅರ್ಧಕ್ಕರ್ಧ ಏಟು ಇದೇ ತಿಂದಿದೆ, ಬಿಲ್ಲೆಗೆ ಮುಟ್ಟಿದ್ದು ಉಳಿದ ಅಷ್ಟಿಷ್ಟು. ನೀರು, ತೇವ, ಬಕೆಟ್ಟು, ಎಲ್ಲ ಸುಳ್ಳು.

ಸರ್ ಬಗ್ಗಿ ನೋಡಿ, ಒಂದಿಷ್ಟೂ ಬೆರಗಾಗದೆ ಹೇಳಿದರು: ‘ಓ, ಇದಾ? ನಾ ನೋಡಿದ್ದೆ. ಕೊಳವಿ ಹಾಕೂವಾಗನ ನೋಡಿದ್ದೆ. ಲೇಸರ್ ಮುಂದ ವಿಭೂತಿ ಎಷ್ಟರದು, ಮೊದಲನೇ ಏಟಿಗೇ ಹಾರಿ ಹೋಗ್ತದ ಅಂದ್ಕೊಂಡೆ. ಮ್ಯಾಲ ದೇವರ ಗುರ್ತು, ನಾ ಯಾಕ ವರಸಲಿ?’

ನೋಡಿದ್ದರು! ನೋಡಿ, ಅದರ ಮೇಲೆ ಕೊಳವೆ ಮುಚ್ಚಿ, ಬೀಗ ಹಾಕಿ, ಏಳು ತಿಂಗಳು ‘ಮನೂಕಾ, ಮನೂಕಾ’ ಎಂದು ನಗಿಸಿದ್ದರು. ‘ಕಾಕಾನ ಕೆಲಸ ಹೋತಲ್ರಿ ಸರ್’ ಎಂದೆ.

‘ಅದು ಮುಗದ ಮಾತು. ಗಾಜು ಹಳೇದಾಗಿತ್ತು, ಬಿರೀತು ಅಂತ ಬರಿ. ಹೊಸಾದು ತರಿಸೋಣ. ನೀ ಈಗ ಅದನ್ನ ಕೆದಕಿದ್ರ ನಿನ್ನ ಥೀಸಿಸ್ಸಿಗೆ ಯಾರು ಸಹಿ ಮಾಡ್ತಾರ, ವಿಚಾರ ಮಾಡು.’

ಕೈಯಲ್ಲಿ ಟಿಕೆಟ್ಟು ಇತ್ತು, ಅದನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಕಾಕಾನ ಮೇಲೆ ಅಷ್ಟು ಸಲೀಸಾಗಿ ಎದ್ದ ನನ್ನ ಬಾಯಿ ಅಲ್ಲಿ ಏಳಲಿಲ್ಲ, ಆ ನಾಚಿಕೆ ನನ್ನ ಜೊತೆಗೇ ಇದೆ.

ಮರುದಿನ ಬೆಳಿಗ್ಗೆ ಬಬಲೇಶ್ವರದ ಬಸ್ಸು ಹತ್ತಿದೆ. ಸಾರವಾಡದಲ್ಲಿ ಬಸ್ಸು ತುಂಬಿ ನಿಲ್ಲಲು ಜಾಗ ಇರಲಿಲ್ಲ, ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸುತ್ತಾ ಹೋದೆ. ಕಾಕಾ ಮನೆಯ ಮುಂದೆ ಎಮ್ಮೆಗೆ ಕಣಿಕೆ ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ಕತ್ತರಿಸುವುದು ನಿಲ್ಲಿಸಲಿಲ್ಲ. ಅವರ ಮನೆಯವರು ತಂಬಿಗೆಯಲ್ಲಿ ನೀರು ತಂದಿಟ್ಟು ಒಳಗೆ ಹೋದರು. ನಾನು ಹೊಸ್ತಿಲ ಹತ್ತಿರ ನಿಂತೇ ಎಲ್ಲ ಹೇಳಿದೆ: ಟಿಕೆಟ್ಟು, ಎಣ್ಣೆ, ಕುಂಕುಮ, ಗಾಜು. ‘ತಪ್ಪು ನಂದ ಕಾಕಾ. ನಿಮ್ಮದು ಏನೂ ಇರಲಿಲ್ಲ. ಹೊಟ್ಟ್ಯಾಗ ಹಾಕ್ಕೋರಿ’ ಎಂದೆ.

ಅವರು ಕುಡುಗೋಲು ಕೆಳಗಿಟ್ಟರು.

‘ಅವತ್ತ ನಾ ವರಸಿ ಬಿಡತಿದ್ನಿ. ಅರಿವಿ ಕೈಯಾಗ ಇತ್ತು. ನೀವ ನನ್ನ ಕೈ ಹಿಡದು ತಳ್ಳಿದ್ರಿ.’

‘ಹೌದ್ರಿ.’

‘ನಿಮ್ಮ ಸರ್ ಕೊಳವಿ ಹಾಕೂವಾಗೂ ನಾ ಅಲ್ಲೇ ನಿಂತಿದ್ನಿ. ಹೇಳಬೇಕಂತ ಬಾಯಿಮಟ ಬಂದಿತ್ತು. ಮುಂಜಾನೆ ಒದರಿಸಿಕೊಂಡಾಂವ, ಮತ್ಯಾಕ ಅಂತ ಸುಮ್ಮನಾದ್ನಿ. ಕಲತ ಮಂದಿ, ನಿಮಗ ಗೊತ್ತಿರತೈತಿ ಅಂದ್ಕೊಂಡ್ನಿ.’ ಅವರ ಧ್ವನಿ ಏರಿತು. ಅಷ್ಟು ವರ್ಷದಲ್ಲಿ ಅವರು ದನಿ ಏರಿಸಿದ್ದನ್ನು ನಾನು ಕೇಳಿರಲೇ ಇಲ್ಲ. ‘ಹದಿನೈದು ವರ್ಷದಾಗ ಒಂದು ಗ್ಲಾಸ್ ಒಡದಿಲ್ರಿ ನಾ! ಒಂದು! ಹನ್ನೊಂದು ಮಂದಿ ಮುಂದ ನನ್ನ ಮಾರಿಗೆ ಮಸಿ ಬಳದ್ರಿ. ಈಗ ಇಲ್ಲಿ ಬಂದು, ಯಾರೂ ಇಲ್ಲದಾಗ, ಎಮ್ಮಿ ಮುಂದ ತಪ್ಪಾತು ಅಂತೀರಿ? ಇದು ಯಾವ ನ್ಯಾಯರಿ? ಅಲ್ಲಿ ಹೋಗಿ ಹೇಳ್ರಿ. ಆ ಹನ್ನೊಂದೂ ಮಂದಿ ಕುಂತಾಗ ಹೇಳ್ರಿ. ನೀರ ಕುಡೀರಿ, ಬಿಸಿಲಾಗ ಬಂದೀರಿ.’

ನೀರು ಕುಡಿದೆ. ಬಸ್ಸಿಗೆ ಕಾಯುವಾಗ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಎಣಿಸಿ ನೋಡಿದೆ, ಹನ್ನೊಂದೂ ಜನ ಇದ್ದರು. ನನ್ನ ಬೆರಳಿನ ಕಥೆಯನ್ನೂ ಹೇಳಿದೆ, ಕಾಕಾನ ಕೈ ತಳ್ಳಿದ್ದನ್ನೂ ಹೇಳಿದೆ, ‘ಹಲವು ಸಲ’ ಎಂದು ಬರೆದದ್ದು ಸುಳ್ಳು ಎಂದೂ ಹೇಳಿದೆ. ‘ಸರ್ ಇದನ್ನ ಕೊಳವಿ ಹಾಕೂವಾಗ ನೋಡಿದ್ರು’ ಎಂದಾಗ ಸರ್ ಮುಖ ಕೆಂಪಾಯಿತು. ‘ಕೂಡು, ಸಾಕು’ ಎಂದರು. ನಾನು ಕೂಡಲಿಲ್ಲ. ಬರೆದು ತಂದಿದ್ದ ಹೊಸ ಹಾಳೆಯನ್ನು ಓದಿ, ಅದರ ಜೊತೆ ಬಸ್ ಟಿಕೆಟ್ಟನ್ನು ಪಿನ್ ಮಾಡಿ, ಅವತ್ತೇ ಆಫೀಸಿಗೆ ಕೊಟ್ಟೆ. ಅದರ ಬೆಲೆಯನ್ನೂ ತೆತ್ತೆ. ನನ್ನ ಥೀಸಿಸ್ ಸರ್ ಮೇಜಿನ ಮೇಲೆ ಇವತ್ತಿಗೂ ಸಹಿಗೆ ಕಾದು ಬಿದ್ದಿದೆ. ಬೀಳಲಿ.

ಜೂನಿನಲ್ಲಿ ಹೊಸ ಗಾಜು ಬಂತು. ಮೊದಲನೇ ಪದರವೇ ಕಪ್ಪು, ಮಿರಿಮಿರಿ ಕಪ್ಪು. ಅದರ ಫೋಟೋ ತೋರಿಸಿದರೆ ಅವ್ವ, ‘ಇಂಥ ಬಣ್ಣ ನಮ್ಮ ಶೆಡ್ಡಿನ್ಯಾಗ ಬಂದಿದ್ರ ನಿಮ್ಮಪ್ಪ ಉಣ್ಣತಿದ್ದಿಲ್ಲ’ ಎಂದಳು. ನನಗೆ ನಗು ಬರಲಿಲ್ಲ. ಎಂಟು ತಿಂಗಳು ಕಾದ ಬಣ್ಣ ಅದು, ಕೈಯಲ್ಲಿ ಹಿಡಿದಾಗ ಯಾವ ಖುಷಿಯೂ ಆಗಲಿಲ್ಲ.

ನನ್ನ ಹಾಳೆ ಆಫೀಸಿನಲ್ಲಿ ಸುತ್ತಿ, ಜುಲೈನಲ್ಲಿ ಕಾಕಾಗೆ ಮತ್ತೆ ಕೆಲಸಕ್ಕೆ ಬರಲು ಆದೇಶ ಬಂತು, ಅದೇ ವಿಭಾಗ, ಅದೇ ಪ್ರಯೋಗಾಲಯ. ನಾನು ಕೀಲಿಕೈ ಗೊಂಚಲು ಹಿಡಿದು ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಿದ್ದೆ. ಅವರು ಬಂದರು, ಗೊಂಚಲು ತೆಗೆದುಕೊಂಡರು, ಎಣಿಸಿಕೊಂಡರು. ಜೇಬಿನಿಂದ ಹಳದಿ ಅರಿವೆ ತೆಗೆದು ಬಿಡಿಸಿ, ನನ್ನ ಕುರ್ಚಿಯ ಹತ್ತಿರ ನಿಂತು ಕೇಳಿದರು.

‘ಮುಟ್ಟಲೇನ್ರಿ ಮೇಡಮ್ಮಾರ?’

‘ಅಯ್ಯೋ ಕಾಕಾ, ಕೇಳಬ್ಯಾಡ್ರಿ. ಎಲ್ಲಾ ಮುಟ್ರಿ.’

‘ಹೂಂನ್ರಿ’ ಎಂದು ಕುರ್ಚಿ ಒರೆಸಿದರು. ಮೇಜಿನ ಹತ್ತಿರ ಹೋಗಿ ಮತ್ತೆ ನಿಂತರು. ‘ಇದನ್ನ ಮುಟ್ಟಲೇನ್ರಿ?’ ಮೇಜಾಯಿತು, ಚಿಲಕವಾಯಿತು, ನನ್ನ ನೀರಿನ ಬಾಟಲಿಯಾಯಿತು. ಒಂದೊಂದಕ್ಕೂ ನಿಂತು ಕೇಳಿದರು, ಒಂದೊಂದಕ್ಕೂ ನಾನು ‘ಮುಟ್ರಿ’ ಎಂದೆ. ಅಂದಿನಿಂದ ದಿನಾ ಬೆಳಿಗ್ಗೆ ಹೀಗೆಯೇ. ಒಂದು ದಿನವೂ ಬಿಟ್ಟಿಲ್ಲ, ಒಂದು ದಿನವೂ ತಂಗಿ ಎಂದಿಲ್ಲ. ಅವರು ಬರುವ ಹೊತ್ತಿಗೆ ನಾನು ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ.

‘ಮುಟ್ಟಲೇನ್ರಿ ಮೇಡಮ್ಮಾರ?’

‘ಮುಟ್ರಿ ಕಾಕಾ.’